ತಂತಿಯ ಹೆಣಿಗೆ, ಮಣಿಯ ಬೆಡಗು

ವೈರ್ ಬ್ಯಾಗ್ ಹೆಣೆಯಲು ಬರುವ ಚಿಕ್ಕಮ್ಮನೋ ಸೋದರತ್ತೆಯೋ ಇಲ್ಲದ ಮನೆ ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಅಪರೂಪವೇ ಆಗಿತ್ತು. ಬೇಸಿಗೆ ರಜೆ ಬಂತೆಂದರೆ ಎರಡು ಬಣ್ಣದ ಪ್ಲಾಸ್ಟಿಕ್ ವೈರಿನ ಕಟ್ಟು ಮನೆಗೆ ಬರುತ್ತಿತ್ತು. ಹದಿನೈದು ದಿನ ಕಳೆಯುವಷ್ಟರಲ್ಲಿ ತರಕಾರಿ ತರಲು ಗಟ್ಟಿಮುಟ್ಟಾದ ಒಂದು ಚೀಲ ಸಿದ್ಧ. ಬಾಗಿಲಿಗೆ ಮಣಿಯ ತೋರಣ, ಷೋಕೇಸಿನಲ್ಲಿ ಮಣಿಯ ಗಿಣಿ, ಟೀವಿಯ ಮೇಲೆ ಮಣಿಯ ಹಂಸ. ಇವೆಲ್ಲ ಈಗಲೂ ಎಷ್ಟೋ ಮನೆಗಳಲ್ಲಿ ಧೂಳು ಕುಡಿಯುತ್ತಾ ಕುಳಿತಿವೆ. ಆ ವೈರು, ಆ ಮಣಿ ಎರಡನ್ನೂ ಸೇರಿಸಿ ಉಣ್ಣೆಯಂತೆ ಹೆಣೆದರೆ ಹೇಗೆ? ಈ ವಾರ ಅದನ್ನೇ ನೋಡೋಣ.

ಇಲ್ಲಿ ವೈರು ಎಂದರೆ ಪ್ಲಾಸ್ಟಿಕ್ಕಿನದಲ್ಲ, ನಿಜವಾದ ತಾಮ್ರದ ತಂತಿ. ತಲೆಗೂದಲಿಗಿಂತ ದಪ್ಪ, ಹೊಲಿಗೆ ಸೂಜಿಗಿಂತ ತೆಳು. ಸ್ವೆಟರ್ ಹೆಣೆಯುವ ಕಡ್ಡಿಯಲ್ಲೇ ಅದನ್ನು ಹೆಣೆಯಬಹುದು. ನಡುನಡುವೆ ಗಾಜಿನ ಮಣಿ ಸೇರಿಸುತ್ತಾ ಹೋದರೆ, ಬೆಳಗಿನ ಬಿಸಿಲಿಗೆ ಮಿನುಗುವ ಬಲೆಯೊಂದು ಕೈಯಲ್ಲಿ ಬೆಳೆಯುತ್ತದೆ. ಉಣ್ಣೆಗಿಲ್ಲದ ಒಂದು ಗುಣ ಇದಕ್ಕಿದೆ: ಹೇಗೆ ಬಾಗಿಸಿದರೆ ಹಾಗೆ ನಿಲ್ಲುತ್ತದೆ. ಬಟ್ಟಲಾಗು ಎಂದರೆ ಬಟ್ಟಲು, ಹೂವಾಗು ಎಂದರೆ ಹೂವು.

ಇದು ಹೊರದೇಶದಿಂದ ಬಂದ ಹೊಸ ಹುಚ್ಚು ಎಂದುಕೊಳ್ಳಬೇಡಿ. ಉತ್ತರ ಯೂರೋಪಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನ ವೈಕಿಂಗ್ ಜನರ ಬೆಳ್ಳಿಯ ಸರಗಳು ಸಿಕ್ಕಿವೆ. ತಂತಿಯ ಕುಣಿಕೆಯೊಳಗೆ ಕುಣಿಕೆ ತೂರಿಸಿ ಮಾಡಿದ, ಹಾವಿನಂತೆ ಬಳುಕುವ ಸರಗಳು. ಅವನ್ನು ಕಂಡ ಇಂಗ್ಲಿಷ್ ವಿದ್ವಾಂಸರು ಇಟ್ಟ ಹೆಸರೇನು ಗೊತ್ತೇ? ‘ಟ್ರಿಚಿನಾಪಲಿ ಕೆಲಸ’! ನಮ್ಮ ನೆರೆಯ ತಿರುಚಿನಾಪಳ್ಳಿಯ ಅಕ್ಕಸಾಲಿಗರು ಮಾಡುತ್ತಿದ್ದ ತಂತಿ ಸರಗಳು ಬ್ರಿಟಿಷರಿಗೆ ಅಷ್ಟು ಪರಿಚಿತವಾಗಿದ್ದವು. ಎಲ್ಲಿಯ ವೈಕಿಂಗರು, ಎಲ್ಲಿಯ ಕಾವೇರಿ ತೀರ! ಅದು ಎರಡು ಕಡ್ಡಿಯ ಹೆಣಿಗೆಯಲ್ಲ ನಿಜ. ಆದರೆ ಕುಣಿಕೆಯೊಳಗೆ ಕುಣಿಕೆ ಎಂಬ ತತ್ವ ಒಂದೇ.

ತಂತಿ ಹೆಣಿಗೆಯ ಮಾತು ಬಂದಾಗ ಒಬ್ಬ ಹೆಣ್ಣುಮಗಳ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಆಕೆಯ ಹೆಸರು ರೂತ್ ಅಸಾವಾ. ಜಪಾನಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಒಂದು ರೈತ ಕುಟುಂಬದಲ್ಲಿ 1926ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವಳು. ಏಳು ಮಂದಿ ಮಕ್ಕಳಲ್ಲಿ ಒಬ್ಬಳು. ಎರಡನೇ ಮಹಾಯುದ್ಧದಲ್ಲಿ ಜಪಾನು ಅಮೆರಿಕದ ಶತ್ರುವಾಯಿತು. 1942ರಲ್ಲಿ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಿಗೆ ಅಟ್ಟಿದರು. ಅಸಾವಾ ಕುಟುಂಬಕ್ಕೆ ಮೊದಲು ಸಿಕ್ಕಿದ ವಸತಿ ಕುದುರೆ ರೇಸಿನ ಮೈದಾನದ ಲಾಯ. ಆಗ ಆಕೆಗೆ ಹದಿನಾರು ವರ್ಷ. ಅಂದರೆ ಈ ಪುಟ ಓದುತ್ತಿರುವ ಅನೇಕರ ವಯಸ್ಸು. ಅದೇ ಶಿಬಿರದಲ್ಲಿ ಬಂದಿಗಳಾಗಿದ್ದ ಚಿತ್ರಕಾರರು ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದರು. ಹುಡುಗಿ ಕುಳಿತು ಕಲಿತಳು.

ಮುಂದೆ ಉಪಾಧ್ಯಾಯಿನಿಯಾಗಬೇಕೆಂದು ಮಿಲ್ವಾಕಿಯ ಶಿಕ್ಷಕರ ಕಾಲೇಜು ಸೇರಿದಳು. ಓದು ಮುಗಿಯುತ್ತಾ ಬಂತು. ಕೊನೆಗೆ ಯಾವುದಾದರೂ ಶಾಲೆಯಲ್ಲಿ ಪಾಠ ಮಾಡಿ ತೋರಿಸಬೇಕಿತ್ತು. ಜಪಾನಿ ಮುಖದ ಹುಡುಗಿಗೆ ಅಂಥ ಅವಕಾಶ ಸಿಗಲಿಲ್ಲ. ಪದವಿ ಕೈತಪ್ಪಿತು. 1946ರಲ್ಲಿ ನಾರ್ತ್ ಕೆರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಕಲೆ ಕಲಿಯಲು ಹೋದಳು. ಮರುವರ್ಷ ಬೇಸಿಗೆಯಲ್ಲಿ ಮೆಕ್ಸಿಕೋ ದೇಶದ ತೊಲೂಕಾ ಊರಿಗೆ ಹೋದಾಗ ಅಲ್ಲಿನ ಹಳ್ಳಿಗರು ತಂತಿಯಿಂದ ಮೊಟ್ಟೆ ಇಡುವ ಬುಟ್ಟಿ ಹೆಣೆಯುವುದನ್ನು ಕಂಡಳು. ಕೇಳಿ ಕಲಿತಳು. ಆ ಮೊಟ್ಟೆ ಬುಟ್ಟಿಯ ಕುಣಿಕೆಯನ್ನೇ ಹಿಡಿದು, ಒಂದರೊಳಗೊಂದು ಸೋರೆಕಾಯಿ ತೂಗಿಬಿಟ್ಟಂಥ ದೊಡ್ಡ ದೊಡ್ಡ ಆಕೃತಿಗಳನ್ನು ಹೆಣೆದು ಮಾಡಿನಿಂದ ಇಳಿಬಿಟ್ಟಳು. ಆರು ಮಕ್ಕಳನ್ನು ಸಾಕುತ್ತಾ ಮನೆಯಲ್ಲೇ ಕುಳಿತು ಮಾಡಿದ ಕೆಲಸವದು. ಇಂದು ಅವು ಜಗತ್ತಿನ ಹೆಸರಾಂತ ವಸ್ತುಸಂಗ್ರಹಾಲಯಗಳಲ್ಲಿವೆ. 2020ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು.

ನನಗೆ ಇದಕ್ಕಿಂತ ಹಿಡಿಸುವುದು ಇನ್ನೊಂದು ಸಂಗತಿ. ಶಿಕ್ಷಕಿಯಾಗಲು ಬಿಡದಿದ್ದ ಆಕೆ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ತನ್ನ ಮಕ್ಕಳ ಶಾಲೆಯಲ್ಲಿ ಗೆಳತಿಯೊಡನೆ ಕೂಡಿ ಕಲೆಯ ತರಗತಿ ಆರಂಭಿಸಿದಳು. ಅದು ಊರಿನ ಇತರ ಶಾಲೆಗಳಿಗೂ ಹಬ್ಬಿತು. 1998ರಲ್ಲಿ ಆಕೆಗೆ ತಪ್ಪಿಹೋಗಿದ್ದ ಪದವಿ ಕೈಗೆ ಬಂತು, ಅರ್ಧ ಶತಮಾನ ತಡವಾಗಿ! 2010ರಲ್ಲಿ ಆ ಊರಿನ ಸರಕಾರಿ ಕಲಾ ಪ್ರೌಢಶಾಲೆಗೆ ಆಕೆಯ ಹೆಸರನ್ನೇ ಇಟ್ಟರು. 2013ರಲ್ಲಿ ಆಕೆ ತೀರಿಕೊಂಡಳು.

ಇರಲಿ, ಈಗ ಕೈಕೆಲಸಕ್ಕೆ ಬರೋಣ. ಮೊದಲು ತಂತಿ ಎಲ್ಲಿ ಸಿಗುತ್ತದೆ? ದುಬಾರಿ ಕರಕುಶಲ ಅಂಗಡಿಗೆ ಹೋಗಬೇಕಾಗಿಲ್ಲ. ಬೋರ್‌ವೆಲ್ಲಿನ ಮೋಟಾರ್ ಸುಟ್ಟಾಗ ಅಪ್ಪ ಎಲ್ಲಿಗೆ ಹೊತ್ತೊಯ್ಯುತ್ತಾರೋ ಆ ರಿವೈಂಡಿಂಗ್ ಅಂಗಡಿಗೆ ಹೋಗಿ. ಅಲ್ಲಿ ಎನಾಮಲ್ ಲೇಪಿಸಿದ ಹೊಸ ತಾಮ್ರದ ತಂತಿಯನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ವಿಚಾರಿಸಿ. ಸುಟ್ಟ ಮೋಟಾರಿನಿಂದ ಬಿಚ್ಚಿದ ಹಳೆಯ ತಂತಿ ಅಗ್ಗಕ್ಕೆ ಕೊಡುತ್ತೇನೆಂದರೂ ಬೇಡ; ಲೇಪ ಸೀದಿರುತ್ತದೆ, ಹೆಣೆಯುವಾಗ ತುಂಡಾಗುತ್ತದೆ.

‘30 ಗೇಜ್’ ಎಂದು ಕೇಳಿ. ಅದು ಸುಮಾರು 0.3 ಮಿಲಿಮೀಟರ್ ದಪ್ಪ. ಗಟ್ಟಿ ಬೇಕೆಂದರೆ 28. 26ರ ಮೇಲೆ ಮಕ್ಕಳ ಬೆರಳು ನೋಯುತ್ತದೆ. ಸಂಖ್ಯೆ ಹೆಚ್ಚಾದಂತೆ ತಂತಿ ತೆಳುವಾಗುವುದು ಏಕೆ ಎಂದು ವಿದ್ಯಾರ್ಥಿಗಳು ಕೇಳಬೇಕು. ಅಕ್ಕಸಾಲಿಗರು ತೂತುಗಳಿರುವ ಉಕ್ಕಿನ ಅಚ್ಚಿನಲ್ಲಿ ತಂತಿ ಎಳೆಯುವುದನ್ನು ನೋಡಿದ್ದೀರಾ? ದೊಡ್ಡ ತೂತಿನಿಂದ ಚಿಕ್ಕದಕ್ಕೆ, ಅದರಿಂದ ಇನ್ನೂ ಚಿಕ್ಕದಕ್ಕೆ. ಎಷ್ಟು ಸಲ ಎಳೆದರೆ ಅಷ್ಟು ತೆಳು. ಗೇಜಿನ ಎಣಿಕೆ ಹುಟ್ಟಿದ್ದು ಈ ಎಳೆತದ ಎಣಿಕೆಯಿಂದ.

ಎಷ್ಟು ಕೊಳ್ಳಬೇಕು? ಇದನ್ನು ಲೆಕ್ಕದ ಪುಸ್ತಕದಲ್ಲೇ ಮಾಡಿ ನೋಡಿ. 30 ಗೇಜಿನ ತಂತಿಯ ವ್ಯಾಸ 0.315 ಮಿ.ಮೀ. ಒಂದು ಮೀಟರ್ ತಂತಿ ಎಂದರೆ ಒಂದು ಉದ್ದನೆಯ ಸಿಲಿಂಡರ್. ಗಾತ್ರ ಕಂಡುಹಿಡಿದು ತಾಮ್ರದ ಸಾಂದ್ರತೆಯಿಂದ, ಅಂದರೆ ಘನ ಸೆಂಟಿಮೀಟರಿಗೆ 8.96 ಗ್ರಾಂನಿಂದ, ಗುಣಿಸಿ. ಮೀಟರಿಗೆ 0.7 ಗ್ರಾಂ ಬರುತ್ತದೆ. ನೂರು ಗ್ರಾಂ ಕೊಂಡರೆ ಹೆಚ್ಚುಕಡಿಮೆ 140 ಮೀಟರ್! ಒಂದು ಮನೆಯ ಮಕ್ಕಳಿಗೆ ಇಡೀ ರಜೆಗೆ ಧಾರಾಳವಾಯಿತು.

ಮಣಿಗಳು ಗಾಜಿನವೇ ಆಗಲಿ, 3ರಿಂದ 4 ಮಿ.ಮೀ. ಅಗಲದವು. ಪ್ಲಾಸ್ಟಿಕ್ ಮಣಿ ಹಗುರ, ಅಗ್ಗ, ಆದರೆ ಬೆಳಕನ್ನು ಗಾಜು ಹಿಡಿದಂತೆ ಹಿಡಿಯುವುದಿಲ್ಲ. ಹಳೆಯ ಸರ ಹರಿದ ಮಣಿ, ಅಜ್ಜಿಯ ಪೆಟ್ಟಿಗೆಯ ತಳದ ಮಣಿ, ಎಲ್ಲವೂ ನಡೆಯುತ್ತದೆ. ಒಂದೇ ಬಣ್ಣ ಅಥವಾ ಎರಡು ಸಾಕು. ಇರುವ ಹತ್ತು ಬಣ್ಣವನ್ನೂ ಸುರಿದರೆ ಜಾತ್ರೆಯ ಅಂಗಡಿಯಾದೀತು.

ಮೊದಲ ಸಲ ಮಾಡುವವರು ಎರಡು ಕಡ್ಡಿಗೆ ಕೈ ಹಾಕದೆ ಕೊಳವೆ ಹೆಣಿಗೆಯಿಂದ ಆರಂಭಿಸಲಿ. ಒಂದು ಸಣ್ಣ ರಟ್ಟಿನ ಕೊಳವೆಯ ಸುತ್ತ ನಾಲ್ಕು ಐಸ್‌ಕ್ರೀಮ್ ಕಡ್ಡಿಗಳನ್ನು ಸಮದೂರದಲ್ಲಿ ನಿಲ್ಲಿಸಿ ಟೇಪಿನಿಂದ ಬಿಗಿಯಿರಿ. ಕಡ್ಡಿಗಳ ತುದಿ ಕೊಳವೆಯಿಂದ ಎರಡು ಸೆಂಟಿಮೀಟರ್ ಮೇಲೆ ಚಾಚಿರಲಿ. ತಂತಿಗೆ ಮೊದಲೇ ಐವತ್ತು ಅರವತ್ತು ಮಣಿ ಪೋಣಿಸಿ ಸುರುಳಿಯ ಕಡೆಗೆ ಸರಿಸಿಡಿ. ಇದು ಮುಖ್ಯ, ಏಕೆಂದರೆ ಹೆಣಿಗೆ ಶುರುವಾದ ಮೇಲೆ ಮಣಿ ಸೇರಿಸಲು ದಾರಿಯಿಲ್ಲ. ತಂತಿಯ ತುದಿಯನ್ನು ಒಂದು ಗೇಣು ಕೊಳವೆಯೊಳಗೆ ಇಳಿಬಿಡಿ. ಈಗ ಪ್ರತಿ ಕಡ್ಡಿಗೂ ಒಂದೊಂದು ಸುತ್ತು ಹಾಕುತ್ತಾ ಬನ್ನಿ. ನಾಲ್ಕೂ ಮುಗಿದ ಮೇಲೆ ಮೊದಲ ಕಡ್ಡಿಯ ಹೊರಗೆ, ಹಳೆಯ ಸುತ್ತಿಗಿಂತ ಮೇಲೆ, ತಂತಿಯನ್ನು ಹಾಯಿಸಿ. ಕೆಳಗಿನ ಸುತ್ತನ್ನು ಕ್ರೋಶಾ ಕಡ್ಡಿಯಿಂದ ಎತ್ತಿ, ಮೇಲಿನ ತಂತಿಯನ್ನು ದಾಟಿಸಿ, ಕಡ್ಡಿಯ ತಲೆಯ ಮೇಲಿಂದ ಒಳಕ್ಕೆ ಬೀಳಿಸಿ. ಮುಂದಿನ ಕಡ್ಡಿಗೆ ಹೋಗಿ. ಅಷ್ಟೇ! ಬೇಕಾದಾಗ ಒಂದು ಮಣಿಯನ್ನು ಎರಡು ಕಡ್ಡಿಗಳ ನಡುವೆ ಸರಿಸಿ ಕೂರಿಸಿ. ಬಲೆ ತೆಳುವಾದ್ದರಿಂದ ಮಣಿ ಒಳಮೈಗೆ ಬಿದ್ದರೂ ಹೊರಗೆ ಕಾಣುತ್ತದೆ.

ಮೊದಲ ಹತ್ತು ಸುತ್ತು ನೋಡಲು ಚೆನ್ನಾಗಿರುವುದಿಲ್ಲ. ಕಾಗೆಗೂಡಿನಂತೆ ಕಾಣುತ್ತದೆ. ಬಿಡಬೇಡಿ. ಕೊಳವೆಯ ಕೆಳಗಿನಿಂದ ಹೊರಬರುವ ತುದಿಯನ್ನು ಹಿಡಿದು ಮೆಲ್ಲಗೆ ಎಳೆದರೆ ಕುಣಿಕೆಗಳೆಲ್ಲ ಸಾಲಿಗೆ ಬರುತ್ತವೆ. ಒಂದಡಿ, ಒಂದೂವರೆ ಅಡಿ ಬೆಳೆದ ಮೇಲೆ ತಂತಿ ಕತ್ತರಿಸಿ, ಆ ತುದಿಯನ್ನು ನಾಲ್ಕೂ ಕುಣಿಕೆಗಳಲ್ಲಿ ತೂರಿಸಿ ಬಿಗಿಯಿರಿ. ಪರದೆ ಕಟ್ಟುವ ಪಟ್ಟಿಯಾಗಿ, ಫೋಟೋ ಚೌಕಟ್ಟಿನ ಅಂಚಾಗಿ, ಇಲ್ಲವೇ ಐದಾರು ಎಳೆ ಸೇರಿಸಿ ಕಿಟಕಿಯ ತೋರಣವಾಗಿ ಬಳಸಬಹುದು.

ಎರಡನೆಯದು ದೀಪದ ಲೋಟದ ಹೊದಿಕೆ. ಇದಕ್ಕೆ ಎರಡು ಕಡ್ಡಿಯ ಹೆಣಿಗೆ ಬೇಕು. 6ನೇ ನಂಬರಿನ ಕಡ್ಡಿ, ಅಂದರೆ 5 ಮಿ.ಮೀ. ದಪ್ಪದ್ದು. ಅಮ್ಮನ ಒಳ್ಳೆಯ ಬಿದಿರಿನ ಕಡ್ಡಿ ಮುಟ್ಟಬೇಡಿ, ತಂತಿ ಅದರಲ್ಲಿ ಗೀರು ಮೂಡಿಸುತ್ತದೆ. ಹಳೆಯ ಅಲ್ಯೂಮಿನಿಯಂ ಕಡ್ಡಿ ಸಾಕು. ಎಲ್ಲ ಸಾಲೂ ಸೀದಾ ಹೆಣಿಗೆಯೇ ಇರಲಿ.

ಎಷ್ಟು ಕುಣಿಕೆ ಏರಿಸಬೇಕೆಂದು ಬರೆದು ಕೊಡಿ ಎನ್ನುತ್ತೀರಿ. ಕೊಡುವುದಿಲ್ಲ! ಒಬ್ಬೊಬ್ಬರ ಕೈ ಬಿಗಿತ ಒಂದೊಂದು ಬಗೆ. ಹತ್ತು ಕುಣಿಕೆ, ಹತ್ತು ಸಾಲಿನ ಒಂದು ತುಣುಕು ಹೆಣೆದು ಅಳೆಯಿರಿ. ಉಳಿದದ್ದು ತ್ರೈರಾಶಿ. ಹತ್ತು ಕುಣಿಕೆಗೆ 6 ಸೆಂ.ಮೀ. ಬಂದರೆ 9 ಸೆಂ.ಮೀ. ಎತ್ತರದ ಲೋಟಕ್ಕೆ 15 ಕುಣಿಕೆ. ಹತ್ತು ಸಾಲಿಗೆ 5 ಸೆಂ.ಮೀ. ಬಂದರೆ 24 ಸೆಂ.ಮೀ. ಸುತ್ತಳತೆಗೆ 48 ಸಾಲು. ಇನ್ನು ಮಣಿ. ಸೀದಾ ಹೆಣೆಯುವಾಗ ಮಣಿ ನಮಗೆ ಕಾಣದ ಹಿಂಬದಿಗೆ ಕೂರುತ್ತದೆ. ಎಲ್ಲವೂ ಒಂದೇ ಬದಿಗೆ ಬರಬೇಕಾದರೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಮಾತ್ರ ಮಣಿ ಹಾಕಬೇಕು. 15 ಕುಣಿಕೆಗಳ ನಡುವೆ 14 ಸಂದು. ಸಂದು ಬಿಟ್ಟು ಸಂದಿಗೆ ಹಾಕಿದರೆ ಸಾಲಿಗೆ 7 ಮಣಿ. 24 ಮಣಿಸಾಲಿಗೆ 168. ಹತ್ತು ಹೆಚ್ಚಿಗೆ ಪೋಣಿಸಿ. ಮಿಕ್ಕರೆ ಕೊನೆಯಲ್ಲಿ ಜಾರಿಸಿ ತೆಗೆಯಬಹುದು, ಕಡಿಮೆ ಬಿದ್ದರೆ ತಂತಿ ಕತ್ತರಿಸಿ ಜೋಡಿಸಬೇಕಾಗುತ್ತದೆ.

ಕುಣಿಕೆಗಳನ್ನು ಸಡಿಲವಾಗಿ ಬಿಡಿ. ಉಣ್ಣೆ ಹಿಗ್ಗುತ್ತದೆ, ತಂತಿ ಹಿಗ್ಗುವುದಿಲ್ಲ. ಬಿಗಿಯಾದ ಕುಣಿಕೆಯೊಳಗೆ ಕಡ್ಡಿಯ ಮೊನೆಯೇ ಹೋಗದು. ಉಣ್ಣೆಯಂತೆ ಬಿಚ್ಚಿ ಮತ್ತೆ ಹೆಣೆಯುವ ಸೌಕರ್ಯವೂ ಇಲ್ಲಿಲ್ಲ. ಒಂದು ತಂತಿಯನ್ನು ಒಂದೇ ಜಾಗದಲ್ಲಿ ಆಚೆ ಈಚೆ ಹತ್ತಾರು ಸಲ ಬಾಗಿಸಿ ನೋಡಿ. ಮೊದಲು ಮೆತ್ತಗೆ ಬಾಗುತ್ತದೆ, ಬರಬರುತ್ತಾ ಗಡುಸಾಗುತ್ತದೆ, ಕೊನೆಗೆ ಮುರಿಯುತ್ತದೆ. ಬಾಗಿಸಿದಷ್ಟೂ ಲೋಹದ ಹರಳುಗಳ ಒಳಜೋಡಣೆ ಕದಡಿ, ಪದರಗಳು ಸರಿಯಲಾರದೆ ಸಿಕ್ಕಿಕೊಳ್ಳುವುದೇ ಇದಕ್ಕೆ ಕಾರಣ. ಅಕ್ಕಸಾಲಿಗರು ಇದಕ್ಕೇ ನಡುನಡುವೆ ತಂತಿಯನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳುತ್ತಾರೆ. ನೀವು ಮಾತ್ರ ಈ ಎನಾಮಲ್ ತಂತಿಯನ್ನು ಗ್ಯಾಸ್ ಒಲೆಗೆ ಹಿಡಿಯಲೇಬೇಡಿ. ಸುಟ್ಟ ಲೇಪದ ಹೊಗೆ ಕೆಟ್ಟದ್ದು.

ಹೆಣೆದ ಪಟ್ಟಿಯನ್ನು ಲೋಟದ ಸುತ್ತ ಹೊದಿಸಿ, ಎರಡು ಅಂಚುಗಳನ್ನು ಒಂದು ತುಂಡು ತಂತಿಯಿಂದ ಹೊಲಿದುಬಿಡಿ. ಒಳಗೆ ಪುಟ್ಟ ಮೇಣದ ದೀಪ ಇಟ್ಟು ಕೋಣೆಯ ವಿದ್ಯುದ್ದೀಪ ಆರಿಸಿ ನೋಡಿ. ಗೋಡೆಯ ಮೇಲೆಲ್ಲ ಬಲೆಯ ನೆರಳು, ಮಣಿಯ ಬಣ್ಣ. ಉರಿ ಸದಾ ಗಾಜಿನ ಒಳಗಿರಲಿ, ತಂತಿ ಹೊರಗಿರಲಿ. ದೀಪಾವಳಿಗೆ ನಾಲ್ಕು ಮಾಡಿಟ್ಟರೆ ಪೇಟೆಯಿಂದ ತರುವ ಪ್ಲಾಸ್ಟಿಕ್ ಅಲಂಕಾರದ ಅಗತ್ಯವೇ ಇಲ್ಲ.

ಈಗ ಅಪ್ಪ ಅಮ್ಮಂದಿರಿಗೆ ಎರಡು ಮಾತು. ಕೈಕೆಲಸದ ಬಗ್ಗೆ ಬರೆದಾಗಲೆಲ್ಲ ಬರುವ ಪ್ರಶ್ನೆ: “ಎಸ್ಸೆಸ್ಸೆಲ್ಸಿ ಹತ್ತಿರ ಬಂತು, ಮಗಳು ಮಣಿ ಪೋಣಿಸುತ್ತಾ ಕೂತರೆ ಅಂಕದ ಗತಿ ಏನು?” ಹೆಣಿಗೆಯಿಂದ ಗಣಿತದಲ್ಲಿ ಅಂಕ ಹೆಚ್ಚುತ್ತದೆಂದು ಆಸೆ ತೋರಿಸಲು ನನಗೆ ಇಷ್ಟವಿಲ್ಲ. ಹೆಚ್ಚದಿದ್ದರೂ ಚಿಂತೆಯಿಲ್ಲ. ದಿನಕ್ಕೆ ಅರ್ಧ ಗಂಟೆ ಮೊಬೈಲ್ ಕೆಳಗಿಟ್ಟು ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಮಾಡಿ ಮುಗಿಸುವ ಮಗುವಿನಿಂದ ಆ ಅರ್ಧ ಗಂಟೆಯನ್ನು ಕಿತ್ತುಕೊಂಡು ನಾವು ಅದಕ್ಕೆ ಏನು ಕೊಡುತ್ತೇವೆ, ಹೇಳಿ? ಇನ್ನೊಂದು ಟ್ಯೂಷನ್!

ಇದಕ್ಕಿಂತ ನನ್ನನ್ನು ಕಾಡುವುದು ಬೇರೆ. ಶಾಲೆಯ ಪ್ರಾಜೆಕ್ಟನ್ನು ರಾತ್ರಿ ಹನ್ನೊಂದರವರೆಗೆ ಕೂತು ಅಮ್ಮನೇ ಮಾಡಿ ಮುಗಿಸುತ್ತಾಳೆ, ಮಗ ಬೆಳಿಗ್ಗೆ ಹೊತ್ತೊಯ್ಯುತ್ತಾನೆ. ಅದೂ ಬೇಡವೆಂದರೆ ಸ್ಟೇಷನರಿ ಅಂಗಡಿಯಲ್ಲಿ ಸಿದ್ಧ ಮಾಡೆಲ್. ಶಾಲೆಯಲ್ಲಿ ಅದಕ್ಕೇ ಮೊದಲ ಬಹುಮಾನ. ಸೊಟ್ಟ ಸೊಟ್ಟಗೆ ತಾನೇ ಹೆಣೆದ ಮಗು ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ನೋಡುತ್ತದೆ. ಆ ಮಗುವಿಗೆ ಅಂದು ಆಗುವ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ಟೀಚರುಗಳು ಈ ಪುಟ ಓದುತ್ತಾರೆಂದು ಬಲ್ಲೆ, ಅದಕ್ಕೇ ಬರೆದೆ. ‘ಇದನ್ನು ಇಲ್ಲೇ ಕೂತು ನಾಲ್ಕು ಸಾಲು ಹೆಣೆದು ತೋರಿಸು’ ಎಂದು ಕೇಳಿದರೆ ಸಾಕು, ಯಾರ ಕೈ ಯಾವುದು ಎಂದು ತಿಳಿಯುತ್ತದೆ.

ಹೆಣಿಗೆ ಹುಡುಗಿಯರ ಕೆಲಸ ಎನ್ನುವವರೂ ಇದ್ದಾರೆ. ರಿವೈಂಡಿಂಗ್ ಅಂಗಡಿಯಲ್ಲಿ ಇದೇ ತಂತಿಯನ್ನು ನೂರಾರು ಸುತ್ತು ತಪ್ಪದೆ ಎಣಿಸಿ ಸುತ್ತುವವರು ಹೆಚ್ಚಾಗಿ ಗಂಡಸರೇ ಅಲ್ಲವೇ? 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲ ಬಿಟ್ಟು ಬಡಗಿ, ಕುಂಬಾರ, ತೋಟಗಾರರಂಥವರ ಬಳಿ ಕಲಿಯಲಿ ಎಂದಿದೆ. ತಂತಿ ಕೊಳ್ಳಲು ಹೋದಾಗ ಮಗನನ್ನೂ ಕರೆದೊಯ್ಯಿರಿ. ಅಂಗಡಿಯವರು ಬಿಡುವಾಗಿದ್ದರೆ ಕಾಯಿಲ್ ಸುತ್ತುವುದನ್ನು ಹತ್ತು ನಿಮಿಷ ನೋಡಲಿ.

ಎಚ್ಚರಿಕೆಗಳು ಹೆಚ್ಚಿಲ್ಲ, ಆದರೆ ಇರುವವು ಗಟ್ಟಿ. ತಂತಿ ಕತ್ತರಿಸುವಾಗ ಸಣ್ಣ ತುಂಡು ಚಿಮ್ಮಿ ಕಣ್ಣಿಗೆ ಬೀಳಬಹುದು. ಎರಡೂ ಬದಿ ಹಿಡಿದು, ನೆಲದ ಕಡೆಗೆ ಮುಖ ಮಾಡಿ ಕತ್ತರಿಸಿ; ಪ್ಲೇಯರ್ ದೊಡ್ಡವರ ಕೈಯಲ್ಲಿರಲಿ. ತೆವಳುವ ಕೂಸು ಮನೆಯಲ್ಲಿದ್ದರೆ ಮಣಿಯ ಡಬ್ಬಿ ಅಟ್ಟದ ಮೇಲೆ, ಕೆಲಸ ಮುಗಿದೊಡನೆ ಚಾಪೆ ಕೊಡವಿ ಕಸ ಗುಡಿಸಬೇಕು. ಹಗಲು ಬೆಳಕಿನಲ್ಲೇ ಹೆಣೆಯಿರಿ. ಬಿಟ್ಟ ತುದಿಗಳನ್ನೆಲ್ಲ ನೋಸ್ ಪ್ಲೇಯರಿನಿಂದ ಒಳಕ್ಕೆ ಸುತ್ತಿ ಮಣಿಯ ತೂತಿನಲ್ಲಿ ಅಡಗಿಸಿ. ಅಂಗೈಯನ್ನು ಮೆಲ್ಲಗೆ ಸವರಿ ನೋಡಿ, ಎಲ್ಲೂ ಚುಚ್ಚಬಾರದು.

ಧೂಳು ಕೂತರೆ ಬಟ್ಟೆಯಿಂದ ಒರೆಸಬೇಡಿ, ಕುಣಿಕೆಗೆ ಸಿಕ್ಕಿ ಎಳೆದುಕೊಂಡು ಬರುತ್ತದೆ. ಹುಣಸೆಹಣ್ಣೂ ಬೇಡ, ಲೇಪವಿರುವ ತಂತಿ ಬೇಗ ಕಿಲುಬು ಹಿಡಿಯುವುದಿಲ್ಲ. ಒಣಗಿದ ಪೇಂಟಿಂಗ್ ಬ್ರಷ್ ಒಂದು ಸಾಕು.